ಪಟ್ಟಿಯಲ್ಲಿ 43 ಕೆಲಸ, ಕೈಯಲ್ಲಿ ಮೂರು ಗಂಟೆ

(ಇದು ಕೆಲಸದ ಒತ್ತಡಕ್ಕೆ ಸಲಹೆ ಕೇಳಿ ನನ್ನ ಹತ್ತಿರ ಬಂದವರೊಬ್ಬರ ಕಥೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.)

ಅವರಿಗೆ 36 ವರ್ಷ. ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಮೊದಲ ದಿನ ಬಂದು ಕೂತವರೇ ಹೇಳಿದ್ದು ಇಷ್ಟು: "ಮೇಡಂ, ನಾನು ಸೋಮಾರಿ ಅಲ್ಲ. ಬೆಳಗ್ಗೆಯಿಂದ ಒಂದು ನಿಮಿಷ ಸುಮ್ನೆ ಕೂತಿರಲ್ಲ. ಆದ್ರೂ ಸಂಜೆ ಹೊತ್ತಿಗೆ ಏನೂ ಮಾಡಿಲ್ಲ ಅನ್ಸುತ್ತೆ."

ಭಾನುವಾರ ಸಂಜೆಯಾದರೆ ಎದೆ ಬಿಗಿದ ಹಾಗಾಗುತ್ತಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ "ಆ ಬಿಲ್ ಕಳಿಸಿದ್ನಾ ಇಲ್ವಾ" ಅಂತ ಯೋಚನೆ ಶುರು. ಮನೆಯಲ್ಲಿ ಮಗಳ ಮೇಲೆ ಸುಮ್ಮಸುಮ್ಮನೆ ರೇಗುವುದು, ಆಮೇಲೆ ಅದಕ್ಕೇ ಬೇಜಾರು.

ಎದೆ ಬಿಗಿತ ಅಂದ ತಕ್ಷಣ ನಾನು ಅವರನ್ನು ಮೊದಲು ವೈದ್ಯರ ಹತ್ತಿರ ಕಳಿಸಿದೆ. ಟೆನ್ಷನ್ ಇರಬೇಕು ಅಂತ ನಮ್ಮಷ್ಟಕ್ಕೆ ನಾವೇ ತೀರ್ಮಾನ ಮಾಡಿಕೊಳ್ಳುವ ವಿಷಯ ಅಲ್ಲ ಅದು. ಇಸಿಜಿ, ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲ ಸರಿ ಇದೆ ಅಂತ ಗೊತ್ತಾದ ಮೇಲೇ ನಮ್ಮ ಮಾತು ಮುಂದುವರಿದಿದ್ದು.

ಎರಡನೇ ಸಲ ಬರುವಾಗ ಅವರ ಕೆಲಸದ ಪಟ್ಟಿ ತರಲು ಹೇಳಿದ್ದೆ. ಒಂದು ಉದ್ದ ನೋಟ್‌ಬುಕ್ ತಂದರು. ಒಂದೇ ಪುಟದಲ್ಲಿ 43 ಕೆಲಸ. ಕೆಂಪು, ನೀಲಿ, ಹಸಿರು, ಮೂರು ಬಣ್ಣದ ಪೆನ್ನು. ನಡುವೆ ಒಂದು ಕಡೆ ಬರೀ "ಆಡಿಟ್" ಅಂತ ಒಂದು ಪದ, ಅದರ ಕೆಳಗೆ ಎರಡು ಗೆರೆ. ಹಿಂದಿನ ಪುಟ ತಿರುವಿದೆ, ಅಲ್ಲೂ ಆಡಿಟ್. ಅದರ ಹಿಂದೆಯೂ ಆಡಿಟ್. ಹನ್ನೊಂದು ದಿನದಿಂದ ಅದು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ದಾಟುತ್ತಾ ಬಂದಿತ್ತು. ಗೆರೆ ಮಾತ್ರ ದಿನದಿಂದ ದಿನಕ್ಕೆ ದಪ್ಪ.

"ಆಡಿಟ್ ಅಂದ್ರೆ ನೀವು ಏನು ಮಾಡ್ಬೇಕು?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗೊತ್ತಿಲ್ಲ ಮೇಡಂ. ಆ ಪದ ನೋಡಿದ್ರೇನೇ ಹೊಟ್ಟೇಲಿ ಏನೋ ಆಗುತ್ತೆ."

ಇಬ್ಬರೂ ಕೂತು ಬಿಡಿಸಿದೆವು. ಹಿಂದಿನ ವರ್ಷದ ಖರೀದಿ ಫೈಲುಗಳನ್ನು ಜೋಡಿಸಿ ಕೊಡಬೇಕಿತ್ತು. ಮೂರು ಬಿಲ್ ಸಿಕ್ಕಿರಲಿಲ್ಲ. ಅವುಗಳ ನಕಲು ಸ್ಟೋರ್ಸ್‌ನವರ ಹತ್ತಿರ ಇರಬಹುದು. ಅಂದರೆ ಮೊದಲ ಹೆಜ್ಜೆ ಐದು ನಿಮಿಷದ ಒಂದು ಫೋನ್! "ಆಡಿಟ್" ಹೊಡೆದು ಹಾಕಿ, "ಸ್ಟೋರ್ಸ್‌ಗೆ ಫೋನ್ ಮಾಡಿ ಮೂರು ಬಿಲ್ ನಕಲು ಕೇಳುವುದು" ಅಂತ ಬರೆಸಿದೆ. ಮರುದಿನವೇ ಆ ಫೋನ್ ಮಾಡಿದರು. ಬೆಟ್ಟದ ಹಾಗೆ ಕಾಣುವ ಕೆಲಸ ಅನೇಕ ಸಲ ಹೀಗೇ ಇರುತ್ತದೆ. ಕೆಲಸಕ್ಕೆ ಹೆಸರಿದೆ, ಎಲ್ಲಿಂದ ಹಿಡಿಯಬೇಕು ಅನ್ನೋದು ಮಾತ್ರ ಬರೆದಿಲ್ಲ.

ಆದರೆ ಅಲ್ಲೇ ನಾನೂ ಒಂದು ತಪ್ಪು ಮಾಡಿದೆ. ಅವರ ಉತ್ಸಾಹ ನೋಡಿ, ಬೆಳಗ್ಗೆಯಿಂದ ಸಂಜೆವರೆಗೆ ಗಂಟೆ ಗಂಟೆಗೂ ಇಂಥ ಕೆಲಸ ಅಂತ ಟೈಂಟೇಬಲ್ ಮಾಡಿಸಿದೆ. ಸೋಮವಾರ ಹೇಗೋ ನಡೆಯಿತು. ಮಂಗಳವಾರ ಹತ್ತು ಗಂಟೆಗೆ ಒಂದು ತುರ್ತು ಆರ್ಡರ್ ಬಂತು, ಅಲ್ಲಿಗೆ ಇಡೀ ಟೈಂಟೇಬಲ್ ಕುಸಿಯಿತು. ಮುಂದಿನ ಸಲ ಬಂದಾಗ ಅತ್ತರು. "ಇದೂ ನನ್ನ ಕೈಲಿ ಆಗ್ಲಿಲ್ಲ" ಅಂದರು. ಆ ಟೈಂಟೇಬಲ್ಲೇ ಅವರ ಕೆಲಸಕ್ಕೆ ಹೊಂದುವಂಥದ್ದಲ್ಲ, ಕೊಟ್ಟಿದ್ದು ನನ್ನ ತಪ್ಪು ಅಂತ ಹೇಳಿದೆ. ಅವರ ದಿನ ಹೇಗಿದೆ ಅಂತ ನೋಡದೆ ಸಲಹೆ ಕೊಟ್ಟಿದ್ದೆ.

ಹಾಗಾಗಿ ಒಂದು ವಾರ ಏನೂ ಬದಲಿಸಬೇಡಿ, ಬರೆದಿಡಿ ಅಷ್ಟೇ ಅಂದೆ. ಯಾವಾಗ ಏನು ಮಾಡಿದಿರಿ, ಯಾರು ಕರೆದರು, ಎಷ್ಟು ಹೊತ್ತು ಹೋಯಿತು. ಐದು ದಿನದ ಲೆಕ್ಕ ಕೂಡಿಸಿದೆವು. ಎಂಟು ಗಂಟೆಯ ದಿನದಲ್ಲಿ ಅವರ ಸ್ವಂತ ಪಟ್ಟಿಯ ಕೆಲಸಕ್ಕೆ ಸಿಕ್ಕಿದ್ದು ಹೆಚ್ಚೂಕಡಿಮೆ ಮೂರು ಗಂಟೆ. ಮಿಕ್ಕಿದ್ದೆಲ್ಲ ಫೋನ್, ಮೆಸೇಜ್, ಮೀಟಿಂಗ್, "ಒಂದು ನಿಮಿಷ ಬರ್ತೀರಾ". ಅದೂ ಅವರ ಕೆಲಸವೇ. ಆದರೆ ಪಟ್ಟಿ ಬರೆಯುವಾಗ ಅದಕ್ಕೆ ಜಾಗವೇ ಇಟ್ಟಿರಲಿಲ್ಲ. ಮೂರು ಗಂಟೆಯೊಳಗೆ ಎಂಟು ಗಂಟೆಯ ಕೆಲಸ ತುರುಕಿ, ಆಗಲಿಲ್ಲ ಅಂತ ಪ್ರತಿದಿನ ತಮ್ಮನ್ನೇ ಬೈದುಕೊಂಡಿದ್ದರು.

ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. "ಹಾಗಾದ್ರೆ ತಪ್ಪು ನಂದಲ್ವಾ ಮೇಡಂ?" ಅಂದರು.

ಇದು ಅವರೊಬ್ಬರ ದೋಷವಲ್ಲ ಅಂತ ತೋರಿಸಲು ಒಂದು ಅಧ್ಯಯನ ಹೇಳಿದೆ. 1994ರಲ್ಲಿ ಕೆನಡಾದ ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳಿಗೆ, ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದ್ದರು. ಸರಾಸರಿ 34 ದಿನ ಅಂದರು. ನಿಜಕ್ಕೂ ಹಿಡಿದಿದ್ದು 55 ದಿನಕ್ಕಿಂತ ಜಾಸ್ತಿ. ಎಲ್ಲವೂ ಕೆಟ್ಟು ಹೋದರೆ ಎಷ್ಟು ಬೇಕು ಅಂತ ಕೇಳಿದಾಗ ಕೊಟ್ಟ ಅಂದಾಜೂ ಸರಾಸರಿ 48 ದಿನ ಚಿಲ್ಲರೆ, ಅದೂ ಸಾಲಲಿಲ್ಲ. ಕೆಲಸ ನೆನೆಸಿಕೊಳ್ಳುವಾಗ ನಮ್ಮ ಕಣ್ಣಿಗೆ ಕೆಲಸ ಮಾತ್ರ ಕಾಣುತ್ತದೆ, ನಡುವೆ ಬರುವ ಅಡ್ಡಿ ಕಾಣುವುದಿಲ್ಲ.

ಅಲ್ಲಿಂದ ಸಲಹೆ ಬದಲಾಯಿತು. ದಿನದ ಅರ್ಧಕ್ಕಿಂತ ಜಾಸ್ತಿ ಪ್ಲಾನ್ ಮಾಡಬೇಡಿ ಅಂದೆ. ಅವರಿಗೆ ಅರ್ಧವೂ ಇರಲಿಲ್ಲ, ಮೂರೇ ಗಂಟೆ. ಹಾಗಾಗಿ ದಿನಕ್ಕೆ ಮೂರು ಕೆಲಸ. ಅದರಲ್ಲಿ ತಲೆ ಜಾಸ್ತಿ ಬೇಕಾದದ್ದು ಬೆಳಗ್ಗೆ, ಮೇಲ್ ತೆರೆಯುವ ಮೊದಲು. ಮಿಕ್ಕ 40 ಕೆಲಸ ಹಿಂದಿನ ಪುಟದಲ್ಲಿ ಇರಲಿ, ಅಳಿಸುವುದು ಬೇಡ, ಇವತ್ತಿನ ಪುಟಕ್ಕೆ ಮಾತ್ರ ಬರಬಾರದು. ಫೋನಿನಲ್ಲಿ ಮೂರು ಆ್ಯಪ್ ಕೂಡ ಇಟ್ಟುಕೊಂಡಿದ್ದರು. ನೋಟ್‌ಬುಕ್ ಆಗಲಿ ಆ್ಯಪ್ ಆಗಲಿ, ಎಲ್ಲ ಒಂದೇ ಕಡೆ ಇರಬೇಕು ಅಂದೆ. ನೋಟ್‌ಬುಕ್ ಉಳಿಸಿಕೊಂಡರು.

ಯಾರಾದರೂ ನಡುವೆ ಕರೆದರೆ? ಏಳುವ ಮೊದಲು ಅರ್ಧ ಸಾಲು ಬರೆದಿಟ್ಟು ಏಳಿ ಅಂದೆ: "14ನೇ ಸಾಲಿನವರೆಗೆ ನೋಡಿದೆ, ತೆರಿಗೆ ಮೊತ್ತ ತಾಳೆ ಆಗ್ತಿಲ್ಲ" ಅನ್ನೋ ಹಾಗೆ. ಮುಗಿಯದ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದೆಯೇ ಉಳಿದುಬಿಡುತ್ತದೆ. ಆ ಅರ್ಧ ಸಾಲು ಇದ್ದರೆ ಮನಸ್ಸು ಅದನ್ನು ಹಿಡಿದುಕೊಂಡೇ ಇರಬೇಕಾಗಿಲ್ಲ. ಅವರಿಗೆ ಎಲ್ಲಕ್ಕಿಂತ ಬೇಗ ಕೈಹಿಡಿದದ್ದು ಇದೇ.

ಕಷ್ಟವಾಗಿದ್ದು ಮೇಲಧಿಕಾರಿಯ ವಿಷಯ. "ಆಗಲ್ಲ" ಅನ್ನುವ ಮಾತು ಇವರ ಬಾಯಲ್ಲಿ ಬರುವುದೇ ಇಲ್ಲ. ಬರಲೇಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ. ಅಲ್ಲಿ ಕೆಲಸ ಮಾಡಬೇಕಾದವರು ಅವರು, ನಾನಲ್ಲ. ಬದಲಿಗೆ ಒಂದು ಪ್ರಶ್ನೆ ಅಭ್ಯಾಸ ಮಾಡಿದೆವು. ನಾನು ಮೇಲಧಿಕಾರಿಯಾಗಿ ಕೂತೆ. "ಸರ್, ಇವತ್ತು ಈ ಮೂರು ಹಿಡಿದಿದ್ದೀನಿ. ಇದೂ ಇವತ್ತೇ ಬೇಕು ಅಂದ್ರೆ ಯಾವುದನ್ನ ನಾಳೆಗೆ ಇಡ್ಲಿ?" ಮೊದಲ ಎರಡು ಸಲ "ನಾಳೆಗೆ" ಅನ್ನುವಲ್ಲಿ ದನಿ ಇಳಿದುಹೋಯಿತು. ಐದನೇ ಸಲ ನೇರವಾಗಿ ಬಂತು. ಆಫೀಸಿನಲ್ಲಿ ಕೇಳಿದಾಗ ಮೇಲಧಿಕಾರಿ ಎರಡು ಸೆಕೆಂಡ್ ಯೋಚಿಸಿ, "ಸರಿ, ರಿಪೋರ್ಟ್ ಗುರುವಾರ ಕೊಡಿ" ಅಂದರಂತೆ. ಅಷ್ಟು ಸಲೀಸಾಗಿ ಒಪ್ಪುತ್ತಾರೆ ಅಂತ ಅಂದುಕೊಂಡೇ ಇರಲಿಲ್ಲ. ಎಲ್ಲರ ಮೇಲಧಿಕಾರಿಯೂ ಹಾಗಿರುವುದಿಲ್ಲ, ಅದು ನನಗೆ ಗೊತ್ತು. ನಿಜಕ್ಕೂ ಇಬ್ಬರ ಕೆಲಸ ಒಬ್ಬರ ತಲೆಗೆ ಕಟ್ಟಿದ್ದರೆ ಯಾವ ನೋಟ್‌ಬುಕ್ಕೂ ಅದನ್ನು ಸರಿ ಮಾಡಲ್ಲ. ಆಗ ಮಾತಾಡಬೇಕಾದದ್ದು ಕೆಲಸದ ಹಂಚಿಕೆ ಬಗ್ಗೆ.

ರಾತ್ರಿ ಮೂರು ಗಂಟೆಯ ಎಚ್ಚರಕ್ಕೆ ಕೊಟ್ಟ ಸಲಹೆ ಸಂಜೆಯದ್ದು. ಕಂಪ್ಯೂಟರ್ ಆಫ್ ಮಾಡುವ ಮೊದಲು ಹತ್ತು ನಿಮಿಷ: ಏನು ಮುಗಿಯಲಿಲ್ಲ, ನಾಳೆ ಅದನ್ನು ಎಲ್ಲಿಂದ, ಎಷ್ಟು ಹೊತ್ತಿಗೆ ಶುರು ಮಾಡ್ತೀನಿ. ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಉಳಿದುಬಿಡುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ ಅನ್ನುವ ಮನೋವಿಜ್ಞಾನಿ 1927ರಲ್ಲೇ ಬರೆದಿದ್ದರು. 2011ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತೋರಿಸಿದ ವಿಷಯ ನನಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬಂದಿದೆ. ಆ ಕಾಟ ತಗ್ಗಲು ಕೆಲಸ ಮುಗಿಯಲೇಬೇಕು ಅಂತಿಲ್ಲ, ಹೇಗೆ ಮಾಡ್ತೀನಿ ಅಂತ ಖಚಿತವಾಗಿ ಬರೆದುಕೊಂಡರೂ ತಗ್ಗುತ್ತದೆ. ಭಾನುವಾರ ಸಂಜೆಗೆ ಬೇರೆ ಏನೂ ಹೇಳಲಿಲ್ಲ. ಶುಕ್ರವಾರದ ಆ ಹತ್ತು ನಿಮಿಷವನ್ನು ಇಪ್ಪತ್ತು ಮಾಡಿ ಅಂದೆ, ಅಷ್ಟೇ.

ಎರಡೂವರೆ ತಿಂಗಳಲ್ಲಿ ಏಳು ಸಲ ಭೇಟಿಯಾದೆವು. ರಾತ್ರಿ ಎಚ್ಚರವಾಗುವುದು ವಾರಕ್ಕೆ ಐದಾರು ಸಲ ಇದ್ದದ್ದು ಒಂದಕ್ಕೆ ಇಳಿದಿದೆ. ಎದೆ ಬಿಗಿತ ಪೂರ್ತಿ ಹೋಗಿಲ್ಲ. ತಿಂಗಳ ಕೊನೆಯ ವಾರ ಬಿಲ್‌ಗಳು ಒಟ್ಟಿಗೆ ಬಂದಾಗ ಮೂರು ಕೆಲಸದ ಲೆಕ್ಕವೂ ನಡೆಯಲ್ಲ. ಆ ವಾರಕ್ಕೆ ಮಾತ್ರ ದಿನಕ್ಕೆ ಒಂದೇ ಕೆಲಸ ಬರೆಯಿರಿ ಅಂತ ಹೇಳಿದ್ದೇನೆ. ಕಳೆದ ಸಲ ನೋಟ್‌ಬುಕ್ ತೆರೆದು ತೋರಿಸಿದರು. ಒಂದೇ ಬಣ್ಣದ ಪೆನ್ನು, ಒಂದೇ ಸಾಲು, ಕೆಳಗೆ ಪುಟ ಪೂರ್ತಿ ಖಾಲಿ. "ಖಾಲಿ ನೋಡಿದ್ರೆ ಇನ್ನೂ ಭಯ ಆಗುತ್ತೆ ಮೇಡಂ" ಅಂದರು. ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಮಾತಾಡೋಣ ಅಂತ ಇಬ್ಬರೂ ಬರೆದುಕೊಂಡಿದ್ದೇವೆ.