ಅರಮನೆಯ ಸಂಬಳವೋ, ಸ್ವಂತ ದುಡಿಮೆಯೋ?

ಪ್ರಶ್ನೆ: ಯುರೋಪಿನ ಸಂಗೀತ ಸಂಯೋಜಕರಲ್ಲಿ ಹೈಡನ್ ಮೂವತ್ತು ವರ್ಷ ಒಂದೇ ಮನೆತನದ ಊಳಿಗದಲ್ಲಿದ್ದ, ಮೊಟ್ಸಾರ್ಟ್ ಕೆಲಸ ಬಿಟ್ಟು ಕಷ್ಟಕ್ಕೆ ಬಿದ್ದ, ಬೀಥೊವನ್ ಯಾರ ಹಂಗೂ ಇಲ್ಲದೆ ಬಾಳಿದ ಎನ್ನುತ್ತಾರೆ. ಎಷ್ಟು ನಿಜ? ಮೈಸೂರು ಮಹಾರಾಜರೂ ಯುರೋಪಿನ ಸಂಯೋಜಕರೊಬ್ಬರಿಗೆ ನೆರವಾಗಿದ್ದರಂತೆ, ಹೌದೇ?

ಉತ್ತರ: ಮೊದಲೆರಡು ಮಾತು ಬಹುಮಟ್ಟಿಗೆ ಸರಿ, ಬೀಥೊವನ್‌ ಕುರಿತದ್ದು ಸರಿಯಲ್ಲ. ಆಶ್ರಯ ಇತ್ತೋ ಇಲ್ಲವೋ ಎನ್ನುವುದಕ್ಕಿಂತ ಕರಾರಿನಲ್ಲಿ ಏನು ಬರೆದಿತ್ತು ಎಂಬುದೇ ಮುಖ್ಯ. ಬರೆದ ಸಂಗೀತ ಯಾರ ಸ್ವತ್ತು? ಧಣಿ ತೀರಿಕೊಂಡರೆ ಹಣದ ಗತಿಯೇನು?

ಹೈಡನ್ ಹಂಗೇರಿಯ ಶ್ರೀಮಂತ ಎಸ್ಟರ್‌ಹಾಜಿ ಮನೆತನದ ಕೆಲಸಕ್ಕೆ ಸೇರಿದ್ದು 1761ರ ಮೇ 1ರ ಕರಾರಿನ ಮೇಲೆ. ಸಂಬಳ ವರ್ಷಕ್ಕೆ 400 ಗುಲ್ಡನ್. ಬಿಳಿ ಕಾಲುಚೀಲ ಹಾಕಬೇಕು, ಕೂದಲಿಗೆ ಪೌಡರ್ ಬಳಿದುಕೊಂಡಿರಬೇಕು. ಊಟಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಹಜಾರದಲ್ಲಿ ಕಾದು, ಇವತ್ತು ಸಂಗೀತ ಬೇಕೇ ಎಂದು ವಿಚಾರಿಸಬೇಕು. ವಾದ್ಯಗಳ ನಿಗಾ, ವಾದಕರ ಜಗಳದ ಪಂಚಾಯಿತಿ ಎರಡೂ ಇವನ ಮೇಲೆ. ನಿಜವಾದ ಬೇಡಿ ಇದ್ದದ್ದು ನಾಲ್ಕನೆಯ ಷರತ್ತಿನಲ್ಲಿ: ಬರೆದದ್ದೆಲ್ಲ ಮನೆತನದ ಒಡೆಯನಾದ ರಾಜಕುಮಾರನಿಗೆ ಮೀಸಲು, ಪ್ರತಿ ಮಾಡಲು ಯಾರಿಗೂ ಕೊಡುವಂತಿಲ್ಲ, ಅಪ್ಪಣೆಯಿಲ್ಲದೆ ಬೇರೆಯವರಿಗೆ ಬರೆಯುವಂತಿಲ್ಲ.

ಇದರ ಫಲ ಎರಡು ಬಗೆಯದು. ರಾಜಕುಮಾರ ನಿಕೊಲಾಸ್ ಬ್ಯಾರಿಟನ್ ನುಡಿಸುತ್ತಿದ್ದ. ಮುಂದಿನ ತಂತಿಗಳನ್ನು ಕಮಾನಿನಿಂದ ಉಜ್ಜುತ್ತಲೇ ಹಿಂದಿನವನ್ನು ಹೆಬ್ಬೆರಳಿನಿಂದ ಮೀಟುವ ವಾದ್ಯ ಅದು. ಅವನೊಬ್ಬನಿಗಾಗಿ ಹೈಡನ್ 120ಕ್ಕೂ ಹೆಚ್ಚು ತ್ರಯಗಳನ್ನು (ಮೂರು ವಾದ್ಯಗಳ ಕೃತಿಗಳನ್ನು) ಬರೆದ. ಅವನ್ನು ನುಡಿಸುವವರು ಈಗ ವಿರಳ. ಆದರೆ ಕೈಗೆಟುಕುವಲ್ಲೇ ಒಂದು ವಾದ್ಯವೃಂದವಿತ್ತು. ಬರೆದದ್ದನ್ನು ನುಡಿಸಿ ಕೇಳಿ, ಸಪ್ಪೆಯಾದದ್ದನ್ನು ತೆಗೆದು ತಿದ್ದುವ ಅವಕಾಶ ಅಂಥ ಮನೆಯ ಹೊರಗೆ ಯಾರಿಗಿತ್ತು? 1779ರ ಹೊಸ ಕರಾರಿನಲ್ಲಿ ಆ ನಾಲ್ಕನೆಯ ಷರತ್ತು ಬಿದ್ದುಹೋಯಿತು. ಮರುವರ್ಷವೇ ವಿಯೆನ್ನಾದ ಪ್ರಕಾಶನ ಸಂಸ್ಥೆ ಅರ್ಟಾರಿಯಾ ಅವನ ಕೃತಿಗಳನ್ನು ಅಚ್ಚುಹಾಕಿತು. ಅವನ ಹೆಸರು ಯುರೋಪಿನಾಚೆಯವರೆಗೂ ಹರಡಲು ಮುಂದೆ ಅವನು ಕೈಗೊಂಡ ಲಂಡನ್ ಪ್ರವಾಸಕ್ಕಿಂತ ಮೊದಲು ಕಾರಣವಾದದ್ದು ಈ ತಿದ್ದುಪಡಿ ಎಂದೇ ನನ್ನ ಅಭಿಪ್ರಾಯ.

ಮೊಟ್ಸಾರ್ಟ್ 1781ರಲ್ಲಿ ಸಾಲ್ಜ್‌ಬರ್ಗ್ ಆರ್ಚ್‌ಬಿಷಪ್‌ರ ಕೆಲಸ ಬಿಟ್ಟ. ಮುಂಗಡವಾಗಿ ಚಂದಾ ಎತ್ತಿ, ಸಭಾಂಗಣ ಹಿಡಿದು, ಹೊಸ ಪಿಯಾನೊ ಕನ್ಚೆರ್ಟೊ (ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿ) ಬರೆದು ತಾನೇ ನುಡಿಸುವುದು ಅವನ ದಾರಿ. 1784ರಲ್ಲಿ ಚಂದಾದಾರರ ಪಟ್ಟಿಯಲ್ಲಿ 174 ಹೆಸರುಗಳಿದ್ದವು. 1788ರಲ್ಲಿ ತುರ್ಕಿಯ ಮೇಲಿನ ಯುದ್ಧ ಶುರುವಾಯಿತು, ಸಿರಿವಂತರ ಕೈ ಬಿಗಿಯಾಯಿತು. 1789ರಲ್ಲಿ ಕಳಿಸಿದ ಪಟ್ಟಿ ಸಂಗೀತಪೋಷಕ ವಾನ್ ಸ್ವೀಟನ್‌ ಎಂಬ ಒಂದೇ ಹೆಸರು ಹೊತ್ತು ಹಿಂದಿರುಗಿತು.

ಇನ್ನು ಬೀಥೊವನ್. ವೆಸ್ಟ್‌ಫಾಲಿಯಾದ ರಾಜ ಕೆಲಸಕ್ಕೆ ಕರೆದಾಗ, ಅವನು ವಿಯೆನ್ನಾ ಬಿಡದಿರಲೆಂದು 1809ರ ಮಾರ್ಚ್‌ನಲ್ಲಿ ಮೂವರು ಸಿರಿವಂತರು ಸೇರಿ 4,000 ಗುಲ್ಡನ್ ವರ್ಷಾಸನ ಬರೆದುಕೊಟ್ಟರು: ಕಿನ್ಸ್ಕಿ 1,800, ಆರ್ಚ್‌ಡ್ಯೂಕ್ ರುಡಾಲ್ಫ್ 1,500, ಲೋಬ್ಕೊವಿಟ್ಸ್ 700. ಊಳಿಗವಿಲ್ಲ, ಊರು ಬಿಡಬಾರದು ಅಷ್ಟೆ. ಎಡವಟ್ಟಾದದ್ದು ಹಣವನ್ನು ಕಾಗದದ ನೋಟಿನಲ್ಲಿ ಗೊತ್ತುಮಾಡಿದ್ದರಿಂದ. 1811ರಲ್ಲಿ ಸರ್ಕಾರ ನೋಟಿನ ಬೆಲೆಯನ್ನು ಐದರಲ್ಲೊಂದಕ್ಕೆ ಇಳಿಸಿತು. ವ್ಯತ್ಯಾಸ ತುಂಬಿಕೊಡಲು ಕಿನ್ಸ್ಕಿ ಬಾಯಿಮಾತಿನಲ್ಲಿ ಒಪ್ಪಿದ. ಬರಹದಲ್ಲಿ ಆದೇಶ ಕೊಡುವ ಮುಂಚೆ, 1812ರಲ್ಲಿ, ಕುದುರೆಯಿಂದ ಬಿದ್ದು ಸತ್ತ. ಲೋಬ್ಕೊವಿಟ್ಸ್ ಸಾಲದಲ್ಲಿ ಮುಳುಗಿದ. ಬಾಕಿ ಹಣದ ವ್ಯಾಜ್ಯ ಬಗೆಹರಿಯುವ ಹೊತ್ತಿಗೆ 1815 ಬಂದಿತ್ತು.

ಮೈಸೂರಿನ ಮಾತು ನಿಜ. ರಷ್ಯಾ ಬಿಟ್ಟು ಲಂಡನ್‌ನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್‌ಗೆ ಎರಡನೇ ಮಹಾಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಗಿತ್ತು. ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್ ಮೆಟ್ನರ್ ಸೊಸೈಟಿ ಸ್ಥಾಪಿಸಿ, ಎಚ್‌ಎಂವಿ ಮೂಲಕ ಧ್ವನಿಮುದ್ರಣದ ವೆಚ್ಚ ಹೊತ್ತರು. ಹೊಸದನ್ನು ಬರೆಸಿಕೊಳ್ಳಲಿಲ್ಲ, ಆಗಲೇ ಬರೆದಿದ್ದನ್ನು ವೃದ್ಧ ಸಂಯೋಜಕರಿಂದಲೇ ನುಡಿಸಿ ಉಳಿಸಿದರು. ಮೂರೂ ಪಿಯಾನೊ ಕನ್ಚೆರ್ಟೊಗಳು ಅವರ ಕೈಯಿಂದಲೇ ದಾಖಲಾದವು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಮೂರನೆಯ ಕನ್ಚೆರ್ಟೊ ಮೈಸೂರು ಮಹಾರಾಜರಿಗೇ ಅರ್ಪಿತ.