ಊರಿನ ಹೆಸರು ತೆಗೆದು ನನ್ನ ಹೆಸರು ಹಾಕಿಸಿದ್ದಕ್ಕೆ ತೆತ್ತ ಬೆಲೆ

ಮನೆತನದ ಇಳಕಲ್ ಸೀರೆ ವ್ಯಾಪಾರವನ್ನು ನಿಮ್ಮ ಹೆಸರಿನ ಬ್ರ್ಯಾಂಡ್ ಆಗಿ ಬೆಳೆಸಿ ಉಳಿದ ಅಂಗಡಿಗಳ ನಡುವೆ ಎದ್ದು ಕಾಣುವುದು ಹೇಗೆಂದು ಕೇಳಿದ್ದೀರಿ. ನಾನು ಚನ್ನಪಟ್ಟಣದಲ್ಲಿ ಮರದ ಗೊಂಬೆಗಳನ್ನು ಮಾಡಿಸಿ ಮಾರುವವನು. ಈ ಹಂಬಲ ನನಗೂ ಇತ್ತು.

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರಿನ ಹೊರಗಿನಿಂದ ಸುತ್ತಿ ಹೋದ ಮೇಲೆ, ಹಳೆಯ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದವರು ವಿರಳರಾದರು. ಗಾಬರಿಗೊಂಡ ನಾನು ಪೆಟ್ಟಿಗೆಯ ಮೇಲಿದ್ದ ‘ಚನ್ನಪಟ್ಟಣ’ವನ್ನು ತೆಗೆಸಿ, ಅಲ್ಲಿ ನನ್ನ ಹೆಸರು, ನಗುಮುಖದ ಚಿತ್ರ ಮತ್ತು ಒಂದು ಘೋಷವಾಕ್ಯವನ್ನು ಅಚ್ಚುಹಾಕಿಸಿದೆ. ರೀಲ್‌ಗಳಲ್ಲಿಯೂ ನಾನೇ ಮಾತನಾಡಿದೆ. ಮೆಚ್ಚುಗೆಗಳೇನೋ ಬಂದವು, ಅದರ ಬಲದಿಂದಲೇ ಬೆಂಗಳೂರಿನ ಒಂದು ಅಂಗಡಿ ಸಮೂಹದಿಂದ ದೊಡ್ಡ ಆರ್ಡರಿನ ಮಾತೂ ಬಂತು.

ಅವರ ಮೊದಲ ಪ್ರಶ್ನೆ ನನ್ನ ಬ್ರ್ಯಾಂಡಿನ ಬಗ್ಗೆ ಇರಲಿಲ್ಲ, ಐಎಸ್‌ಐ ಮುದ್ರೆಯ ಬಗ್ಗೆ ಇತ್ತು. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಆ ಮುದ್ರೆ ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ (ಜಿಐ, ಅಂದರೆ ಒಂದು ಊರಿನ ಹೆಸರಿಗೆ ಅಂಟಿದ ವಿಶಿಷ್ಟ ವಸ್ತುವಿಗೆ ಕಾನೂನು ಕೊಡುವ ಗುರುತು) ಪಡೆದ ವಸ್ತುವಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗೆ ಜಿಐ ಇರುವುದರಿಂದ ಊರಿನಲ್ಲಿ ಕುಳಿತು ವ್ಯಾಪಾರ ಮಾಡುವ ನನಗೂ ಅದು ತಾನಾಗಿಯೇ ಸಲ್ಲುತ್ತದೆಂದು ನಂಬಿದ್ದೆ. ಸಲ್ಲುವುದಿಲ್ಲ. ಜಿಐ ನೋಂದಣಿಯಾಗುವುದು ವಸ್ತುವಿಗೆ. ಅಧಿಕೃತ ಬಳಕೆದಾರನಾಗಲು ಪ್ರತಿಯೊಬ್ಬನೂ ಚೆನ್ನೈನ ಜಿಐ ನೋಂದಣಿ ಕಚೇರಿಗೆ ಬೇರೆಯೇ ಅರ್ಜಿ ಹಾಕಬೇಕು. ಶುಲ್ಕ ಅತ್ಯಲ್ಪವಾದರೂ ಅರ್ಜಿಯನ್ನು ಪ್ರಕಟಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕಾದ್ದರಿಂದ ತಿಂಗಳುಗಳೇ ಹಿಡಿಯುತ್ತವೆ, ಆರ್ಡರು ಅಷ್ಟು ಕಾಲ ಕಾಯುವುದಿಲ್ಲ. ಛಾಯಾಗ್ರಾಹಕನಿಗೆ ಕೊಟ್ಟ ಹಣದ ಒಂದು ಸಣ್ಣ ಪಾಲೂ ಈ ಅರ್ಜಿಗೆ ಬೇಕಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಇಷ್ಟು ಸಾಲದೆಂಬಂತೆ ಊರಿನ ಹೆಸರಿಲ್ಲದ ನನ್ನ ಪೆಟ್ಟಿಗೆ, ಯಂತ್ರದಲ್ಲಿ ಬಣ್ಣ ಬಳಿದ ಯಾವುದೋ ಆಟಿಕೆಯ ಪೆಟ್ಟಿಗೆಯಂತೆಯೇ ಕಾಣುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲಾರೆ. ಇಳಕಲ್ ಎಂಬ ಹೆಸರನ್ನು ತಲೆಮಾರುಗಳ ನೇಕಾರರು ಗಳಿಸಿ ನಿಮ್ಮ ಕೈಗಿತ್ತಿರುವಾಗ, ಅದಕ್ಕಿಂತ ದೊಡ್ಡ ಅಕ್ಷರಗಳಲ್ಲಿ ನಿಮ್ಮ ಹೆಸರೇಕೆ? ಸೀರೆಗೆ ಆಟಿಕೆಯ ನಿಯಮ ತಗುಲುವುದಿಲ್ಲ, ಆದರೆ ಇಳಕಲ್ ಸೀರೆಗೂ ಜಿಐ ಇದೆ, ಕೈಮಗ್ಗದ ಬಟ್ಟೆಗೆಂದೇ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಲೋಗೋ ಮಾಡಿಸುವ ಮೊದಲು ಆ ಜಿಐಯ ಅಧಿಕೃತ ಬಳಕೆದಾರರಾಗಿ, ನಿಮ್ಮ ಕೈಮಗ್ಗದ ಸೀರೆಗಳಿಗೆ ಈ ಮಾರ್ಕನ್ನೂ ಪಡೆಯಿರಿ.

ಪ್ರಚಾರ ಬೇಡವೆನ್ನುತ್ತಿಲ್ಲ. ನನ್ನ ಭಾಷಣದ ರೀಲ್‌ಗಳನ್ನು ನಿಲ್ಲಿಸಿ, ಲೇತಿನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಬಣ್ಣ ಕರಗಿ ಹತ್ತುವುದನ್ನೂ ತಾಳೆಗರಿಯಿಂದ ಅದಕ್ಕೆ ಹೊಳಪು ಬರುವುದನ್ನೂ ಮಾತಿಲ್ಲದೆ ತೋರಿಸತೊಡಗಿದ ಮೇಲೆ, ಬರಿಯ ಮೆಚ್ಚುಗೆಯ ಬದಲು ಬೆಲೆ ಕೇಳುವ ಕರೆಗಳು ಬರತೊಡಗಿದವು. ನಿಮ್ಮಲ್ಲಂತೂ ಸೀರೆಯ ಮೈಯ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳು) ಸೆರಗಿನ ಹಾಸನ್ನೂ ಕುಣಿಕೆಗಳಿಂದ ಬೆಸೆಯುವ ಕೆಲಸವೇ ಇದೆ. ಅದನ್ನು ಹತ್ತಿರದಿಂದ ಚಿತ್ರಿಸಿ, ಆ ಸೀರೆ ಕೈಮಗ್ಗದ್ದೋ ಪವರ್‌ಲೂಮಿನದೋ ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆಯಿರಿ. ನಿಮ್ಮ ಭಾವಚಿತ್ರ ಬೇಕೇಬೇಕೆಂದಿದ್ದರೆ ಪೆಟ್ಟಿಗೆಯ ಒಳಗಿನ ಚೀಟಿಯಲ್ಲಿ ಹಾಕಿಕೊಳ್ಳಿ, ಪಕ್ಕದಲ್ಲಿ ಆ ಸೀರೆ ನೇಯ್ದವರ ಹೆಸರೂ ಇರಲಿ.