ಛತ್ರಿ ಗುಳೆ ಹೋತು

(ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ ನಮ್ಮ ಪತ್ರಿಕೆಗೆ ಬರೆದ ಪತ್ರದ ಸಾರ: ಚಟುವಟಿಕೆಯಿಂದ ಕಲಿಸುವ ಕೆಳ ತರಗತಿಯಾದ ನಲಿಕಲಿಯ 31 ಮಕ್ಕಳಿಗೆ 16 ಪುಟದ ಚಿತ್ರಪುಸ್ತಕ ಓದಿ ತೋರಿಸಿದೆ. ಗಾಳಿಗೆ ಹಾರಿಹೋದ ಕೆಂಪು ಛತ್ರಿಯ ಕಥೆ ಅದು. ನಿಮ್ಮದೇ ಚಿತ್ರ ಬರೆದು ಕಥೆ ಕಟ್ಟಿ ಎಂದರೆ 26 ಮಕ್ಕಳು ಪುಸ್ತಕದ ಛತ್ರಿಯನ್ನೇ ನೋಡಿ ಬರೆದರು. ಉಳಿದ ಐವರ ಚಿತ್ರಗಳಲ್ಲಿ ತಪ್ಪುಗಳಿವೆ; ಭಾಷೆ ತಿದ್ದಿ ಕಳಿಸಿದ್ದೇನೆ. ಒಳ್ಳೆಯ ಮೂರನ್ನು ಆರಿಸಿಕೊಡಿ, ಶಾಲೆಯಲ್ಲಿ ಬಹುಮಾನ ಕೊಡುತ್ತೇವೆ.)

ಅಕ್ಕೋರೇ, ನಮಸ್ಕಾರ.

ನಿಮ್ಮ ಲಕೋಟೆಯ ಒಂದು ಹಾಳೆ ಎರಡು ದಿನದಿಂದ ನನ್ನ ಮೇಜಿನ ಮೇಲೆಯೇ ಇದೆ. ಪೆನ್ಸಿಲಿನಲ್ಲಿ ಹುಡುಗಿ ಬರೆದದ್ದು: "ಛತ್ರಿ ಗುಳೆ ಹೋತು. ಬೆಂಗಳೂರಾಗ ಬಾಳ ಮಳಿ ಐತಿ." ಅದರ ಮೇಲೆ ಕೆಂಪು ಶಾಯಿಯಲ್ಲಿ ನೀವು ಬರೆದದ್ದು: "ಛತ್ರಿಯು ವಲಸೆ ಹೋಯಿತು. ಬೆಂಗಳೂರಿನಲ್ಲಿ ತುಂಬಾ ಮಳೆ ಬರುತ್ತದೆ."

ದಯವಿಟ್ಟು ಗುಳೆ ಎಂಬ ಮಾತನ್ನು ತಿದ್ದಬೇಡಿ. ಹಕ್ಕಿಗಳೂ ವಲಸೆ ಹೋಗುತ್ತವೆ. ಗುಳೆ ಹೋಗುವವರು ನಮ್ಮ ಜನ. ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಅಜ್ಜಿಯ ಮಡಿಲಿಗೆ ಹಾಕಿ, ಪಾತ್ರೆ ಹಾಸಿಗೆ ಗಂಟು ಕಟ್ಟಿ ರಾತ್ರಿ ಬಸ್ಸು ಹತ್ತುವುದನ್ನು ನಿಮ್ಮ ತರಗತಿಯ ಎಷ್ಟೋ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಪುಸ್ತಕದ ಛತ್ರಿಯನ್ನು ಗಾಳಿ ಹೊತ್ತೊಯ್ದಿತ್ತು. ಇವಳ ಛತ್ರಿ ದುಡಿಯಲು ಹೊರಟಿದೆ. ಮಳೆ ಇಲ್ಲದ ಊರಲ್ಲಿ ಛತ್ರಿಗೇನು ಕೆಲಸ? ಇಷ್ಟು ಯೋಚಿಸಿದ ಮಗು ಆ ಪುಸ್ತಕವನ್ನು ನಿಮಗಿಂತ, ನನಗಿಂತ ಆಳವಾಗಿ ಓದಿದೆ ಎಂದೇ ನನ್ನ ನಂಬಿಕೆ.

ಇದನ್ನು ಹೀಗೆ ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷದ ಹಿಂದೆ ರಾಯಚೂರು ಕಡೆಯ ಹುಡುಗನೊಬ್ಬ ಕಳಿಸಿದ ಕಥೆಯಲ್ಲಿ "ಅವ್ವ ಹತ್ತಿ ಬಿಡಸಾಕ ಹೋಗ್ಯಾಳ" ಎಂದಿತ್ತು. ನಾನು ಅದನ್ನು "ತಾಯಿ ಹತ್ತಿ ಕೀಳಲು ತೆರಳಿದ್ದಾರೆ" ಎಂದು ಮಾಡಿ ಅಚ್ಚು ಹಾಕಿದೆ. ಸಂಚಿಕೆ ತಲುಪಿದ ಮೇಲೆ ಆ ಶಾಲೆಯಿಂದ ಒಂದು ಕಾರ್ಡು ಬಂತು: ಹುಡುಗ ಓದಿ ನೋಡಿ "ಇದು ನನ್ನ ಕಥಿ ಅಲ್ಲರಿ" ಅಂದನಂತೆ. ಅವನು ಮತ್ತೆ ಬರೆಯಲಿಲ್ಲ. ಗ್ರಂಥದ ಕನ್ನಡವನ್ನು ಪಠ್ಯಪುಸ್ತಕ ಹೇಗೂ ಕಲಿಸುತ್ತದೆ. ಕಥೆ ಹೇಳುವಾಗ ಮಗುವಿನ ಬಾಯಲ್ಲಿ ಬಂದದ್ದು ಹಾಗೆಯೇ ಹಾಳೆಗೆ ಇಳಿಯಲಿ. ಬರೆಯಲು ಬಾರದವರು ಹೇಳಲಿ, ನೀವು ಬರೆದುಕೊಳ್ಳಿ.

ಇನ್ನು ನೀವು ತಪ್ಪು ಎಂದು ಗುರುತು ಹಾಕಿದ ಚಿತ್ರಗಳು. ಕುರಿಯ ಹೊಟ್ಟೆಯೊಳಗೆ ಮರಿ ಕಾಣುತ್ತಿದೆ, ಅಜ್ಜಿ ಮನೆಗಿಂತ ದೊಡ್ಡವಳಾಗಿದ್ದಾಳೆ ಎಂದಿದ್ದೀರಿ. ಈ ವಯಸ್ಸಿನ ಮಕ್ಕಳು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಗಬ್ಬದ ಕುರಿಯ ಹೊಟ್ಟೆಯಲ್ಲಿ ಮರಿ ಇರುವುದು ಕುರಿಗಾರರ ಮನೆಯ ಹುಡುಗನಿಗೆ ಗೊತ್ತು, ಬರೆದಿದ್ದಾನೆ. ಅಪ್ಪ ಅವ್ವ ಊರಲ್ಲಿಲ್ಲದಾಗ ಅಜ್ಜಿಯೇ ಮನೆ. ಅವಳು ದೊಡ್ಡವಳಾಗದೆ ಇನ್ಯಾರು ದೊಡ್ಡವರಾಗಬೇಕು? ನಮ್ಮ ಕಡೆಯ ತೊಗಲುಬೊಂಬೆಗಳನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ದೇವರು, ಅರಸರು ದೊಡ್ಡ ಬೊಂಬೆ, ಆಳುಕಾಳು ಸಣ್ಣ ಬೊಂಬೆ. ಯಾರಿಗೆ ಎಷ್ಟು ತೂಕ ಎಂಬುದನ್ನು ಅಳತೆಯಲ್ಲೇ ಹೇಳುವ ಜಾಣತನ ಅದು. ಅಜ್ಜಿಯನ್ನು ಬರೆದ ನಿಮ್ಮ ಹುಡುಗ ಅದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾನೆ. ಸಾಧ್ಯವಾದರೆ ಚಳಿಗಾಲದಲ್ಲೊಮ್ಮೆ ಮಕ್ಕಳನ್ನು ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿಗೆ ಕರೆದೊಯ್ಯಿರಿ. ಮೋರ್ಯರ ಗುಡ್ಡ ಎಂದು ಜನ ಕರೆಯುವ ಆ ಬೆಟ್ಟದ ಬಂಡೆಗಳ ಮೇಲೆ ಸಾವಿರಾರು ವರ್ಷದ ಹಿಂದಿನವರು ಕೆಂಪು ಬಣ್ಣದಲ್ಲಿ ಬರೆದ ಪ್ರಾಣಿ, ಮನುಷ್ಯರ ಚಿತ್ರಗಳಿವೆ. ಹತ್ತುವ ದಾರಿ ಕಲ್ಲುಮುಳ್ಳಿನದು, ನೀರು ಹೆಚ್ಚಿಗೆ ಇರಲಿ.

ಛತ್ರಿ ನೋಡಿ ಬರೆದ 26 ಮಕ್ಕಳ ಬಗ್ಗೆ ಬೇಸರ ಬೇಡ. ಕೈ ಪಳಗುವುದೇ ನೋಡಿ ಮಾಡಿದಾಗ. ಆದರೆ ಚಿತ್ರ ಬರೆಯುವ ಹೊತ್ತಿನಲ್ಲಿ ಪುಸ್ತಕ ಅವರ ಮುಂದೆ ತೆರೆದೇ ಇತ್ತು ಎಂದು ನೀವೇ ಬರೆದಿದ್ದೀರಿ. ಮುಂದಿನ ಸಲ ಓದಿ ಮುಗಿಸಿ, ಪುಸ್ತಕ ಮುಚ್ಚಿ ಕಪಾಟಿನೊಳಗಿಡಿ. ಆಮೇಲೆ ಪುಟದ ಮೇಲೆ ಇಲ್ಲದ್ದನ್ನು ಕೇಳಿ: ಆ ಛತ್ರಿ ನಿಮ್ಮ ಓಣಿಗೆ ಬಂದರೆ ಯಾರ ಮಾಳಿಗೆ ಮೇಲೆ ಬೀಳುತ್ತದೆ? ಯಾರು ಬೈಯುತ್ತಾರೆ? ಬರೆದಾದ ಮೇಲೆ "ಇದೇನು?" ಎನ್ನಬೇಡಿ, ಮಗು ಹೆದರುತ್ತದೆ. "ಇದರದು ಹೇಳು" ಅನ್ನಿ ಸಾಕು.

ಬಣ್ಣದ ಪೆಟ್ಟಿಗೆ ಎಲ್ಲರಿಗೂ ಸಾಲುವುದಿಲ್ಲ ಎಂದಿದ್ದೀರಿ. ಎರೆಹೊಲದ ಕಪ್ಪು, ಮಸಾರಿ ಹೊಲದ ಕೆಂಪು, ಅರಿಶಿನ, ಇದ್ದಿಲು ಎಲ್ಲವೂ ಊರಲ್ಲೇ ಇವೆ. ಅಂಟಿಗೆ ಕಿನ್ನಾಳದವರನ್ನು ಕೇಳಿ. ಅಲ್ಲಿ ಬೊಂಬೆ ಮಾಡುವ ಚಿತ್ರಗಾರರು ಹುಣಸೆಬೀಜ ನೆನೆಸಿ ಅರೆದು ಅಂಟು ಮಾಡುತ್ತಾರೆ. ದೊಡ್ಡ ಹಾಳೆಯೊಂದನ್ನು ಮೂರು ಸಲ ಮಡಚಿ, ನಡುವೆ ಹೊಲಿದು, ಅಂಚು ಕತ್ತರಿಸಿದರೆ 16 ಪುಟವಾಗುತ್ತದೆ. ನೀವು ತೋರಿಸಿದ ಪುಸ್ತಕಕ್ಕೂ ಅಷ್ಟೇ ಪುಟ ಇರುವುದು ಈ ಮಡಿಕೆಯ ಲೆಕ್ಕದಿಂದಲೇ. ಮಕ್ಕಳ ಕೈಯಲ್ಲೇ ಮಡಚಿಸಿ.

ಮೂರನ್ನು ಆರಿಸಲು ಮಾತ್ರ ನನ್ನಿಂದಾಗದು. ನಿಮ್ಮ ಕೋಣೆಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ತಲೆಯ ಮೇಲೆ ಕಟ್ಟಿದ ಕಲಿಕಾ ಚಪ್ಪರ ಇದೆಯಲ್ಲ, 31 ಹಾಳೆಗಳನ್ನೂ ಅದಕ್ಕೇ ತೂಗುಹಾಕಿ. ಹೆಡ್ ಮಾಸ್ತರರಿಗೆ ಈ ಪತ್ರವನ್ನೇ ತೋರಿಸಿ. ಬಹುಮಾನಕ್ಕೆಂದು ಇಟ್ಟ ಹಣದಲ್ಲಿ ಇನ್ನೆರಡು ಚಿತ್ರಪುಸ್ತಕ ಬರುತ್ತವೆ.

ಛತ್ರಿಯ ಕಥೆಯನ್ನು ಮುಂದಿನ ಸಂಚಿಕೆಗೆ ತೆಗೆದುಕೊಳ್ಳುವ ಆಸೆ ಇದೆ, ಅವಳ ಮಾತಿನಲ್ಲೇ. ಮೊದಲು ಅವಳನ್ನು ಕೇಳಿ, ಒಪ್ಪಿದರೆ ತಿಳಿಸಿ. ಮೂಲ ಹಾಳೆಗಳನ್ನು ಇದೇ ಲಕೋಟೆಯಲ್ಲಿ ಹಿಂದಿರುಗಿಸಿದ್ದೇನೆ, ಅವು ಮಕ್ಕಳ ಹತ್ತಿರವೇ ಇರಲಿ. ನಮಗೆ ಫೋಟೊ ಸಾಕು. ಛತ್ರಿ ಬಸ್ಸು ಹತ್ತಿದಲ್ಲಿಗೆ ಅವಳ ಕಥೆ ನಿಂತಿದೆ. ಮುಗಿಸು ಎಂದು ಒತ್ತಾಯ ಮಾಡಬೇಡಿ. ಆ ಛತ್ರಿ ಯುಗಾದಿಗೆ ಊರಿಗೆ ಬರುತ್ತದೋ ಇಲ್ಲವೋ ಎಂದು ನಾನು ಕೇಳಿದೆ ಅಂತ ಮಾತ್ರ ಹೇಳಿ.

- ಸಂಪಾದಕ